ಆಟೊ ರಾಜನ ಗಾಡಿ, ಹನ್ನೊಂದು ಸೆಂಟಿಮೀಟರ್

ಬೆಂಗಳೂರಿನ ತರಗುಪೇಟೆಯಲ್ಲಿ ಹೊಳಪಿನ ಬಣ್ಣ ಒಣಗಿಸುವುದು ಹುಡುಗಾಟವಲ್ಲ. ಬೆಳಗ್ಗೆ ಲಾರಿಯಿಂದ ಮೂಟೆ ಇಳಿಸಲು ಶುರುವಾಯಿತೆಂದರೆ ತೊಗರಿಬೇಳೆಯ ಹೊಟ್ಟು, ಬ್ಯಾಡಗಿ ಮೆಣಸಿನಕಾಯಿಯ ಘಾಟು, ಗೋಣಿಚೀಲದ ನಾರು ಎಲ್ಲವೂ ಗಾಳಿಗೇರುತ್ತವೆ. ಹಮಾಲರು ದಾರಿ ಬಿಡಿಸಿಕೊಂಡು ಕೈಗಾಡಿ ತಳ್ಳಿ ಹೋದ ಮೇಲೂ ಆ ಧೂಳು ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಅಂಗೈಯಗಲದ ಕಾರಿಗೆ ಬಣ್ಣ ಹೊಡೆಯುವವನಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಮೂರು ಮಿಲಿಮೀಟರಿನ ಒಂದು ಹೊಟ್ಟಿನ ಚೂರು ಹಸಿ ಬಾನೆಟ್ ಮೇಲೆ ಕೂತಿತೋ, 1:24ರ, ಅಂದರೆ ಇಪ್ಪತ್ತನಾಲ್ಕನೇ ಒಂದರ ಅಳತೆಯಲ್ಲಿ ಅದು ನಿಜವಾದ ಕಾರಿಗೆ ಅಂಟಿಕೊಂಡ ಹಪ್ಪಳದಷ್ಟಾಗುತ್ತದೆ.

ಆದರೂ ಸಿನಿಮಾ ಗಾಡಿಗಳ ಮಾದರಿ ಮಾಡುವ ಹುಚ್ಚಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಡೆದೇ ಹೋಗಿ ಬರುವಷ್ಟು ದೂರದಲ್ಲಿ ಎಲ್ಲ ಇದೆ. ಎಸ್‌ಜೆಪಿ ರಸ್ತೆಯಲ್ಲಿ ಅರ, ತಗಡಿನ ಕತ್ತರಿ, ಸಣ್ಣ ಡ್ರಿಲ್ ಬಿಟ್ಟು, ವಾಟರ್ ಪೇಪರ್. ಎಸ್‌ಪಿ ರಸ್ತೆಯಲ್ಲಿ ಹೆಡ್‌ಲೈಟಿಗೆ ಎಲ್‌ಇಡಿ, ಬೆಸುಗೆಗೆ ಸೀಸ. ಮಾಮೂಲ್‌ಪೇಟೆಯಲ್ಲಿ ಚಕ್ರ ಕಿತ್ತುಕೊಳ್ಳಲು ಅಗ್ಗದ ಆಟಿಕೆ. ಸುಲ್ತಾನ್‌ಪೇಟೆಯಲ್ಲಿ ಕಾಗದ, ರಟ್ಟು. ಜೆಸಿ ರಸ್ತೆ, ಕಲಾಸಿಪಾಳ್ಯದ ಕಡೆ ತಿರುಗಿದರೆ ಡುಕೊ ಬಣ್ಣ, ಪ್ರೈಮರ್, ಪುಟ್ಟಿ, ಥಿನ್ನರ್. ಜೊತೆಗೆ ನಜ್ಜುಗುಜ್ಜಾದ ಮಡ್‌ಗಾರ್ಡನ್ನು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಹಳೆಯ ಆಕಾರಕ್ಕೆ ತರುವ ಟಿಂಕರಿಂಗ್ ಮೇಸ್ತ್ರಿಗಳು. ತಗಡು ಬೇಕಾದರೆ ತರಗುಪೇಟೆಯಲ್ಲೇ ಖಾಲಿ ಎಣ್ಣೆ ಡಬ್ಬಗಳಿವೆ. ಸಾಮಾನೂ ಇದೆ, ಕೈಯೂ ಇದೆ. ಇಲ್ಲದಿರುವುದು ನಕ್ಷೆ ಮಾತ್ರ. ಕನ್ನಡ ಸಿನಿಮಾದ ಯಾವುದಾದರೂ ಒಂದು ಗಾಡಿಯನ್ನು ಸರಿಯಾದ ಅಳತೆಯಲ್ಲಿ ಮಾಡುತ್ತೇನೆಂದು ಹೊರಟವನಿಗೆ ಉದ್ದ ಎಷ್ಟು, ಅಗಲ ಎಷ್ಟು, ಬಣ್ಣ ಯಾವುದು ಎಂದು ಹೇಳುವ ಒಂದು ಹಾಳೆ ಸಿಗುವುದಿಲ್ಲ. ಈ ಕೊರತೆಯನ್ನು ಹವ್ಯಾಸಿಗಳ ಪಾಡೆಂದು ಬಿಟ್ಟುಬಿಡುವ ಹಾಗಿಲ್ಲ. ಚಿತ್ರರಂಗ ತನ್ನ ಸಾಮಾನನ್ನು ಹೇಗೆ ನಡೆಸಿಕೊಂಡಿದೆ ಎಂಬುದಕ್ಕೆ ಇದು ಸಾಕ್ಷಿ.

ಹೊರಗಿನವರ ಕಥೆಯೇ ಬೇರೆ. 1964ರ ‘ಗೋಲ್ಡ್‌ಫಿಂಗರ್’ನಲ್ಲಿ ಜೇಮ್ಸ್ ಬಾಂಡ್ ಓಡಿಸಿದ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ವೇಲ್ಸ್‌ನ ಸ್ವಾನ್ಸಿಯಲ್ಲಿದ್ದ ಕಾರ್ಗಿ ಕಂಪನಿ ಮರುವರ್ಷವೇ ಆಟಿಕೆಯಾಗಿ ಮಾರುಕಟ್ಟೆಗೆ ಬಿಟ್ಟಿತು. ಗುಂಡಿ ಒತ್ತಿದರೆ ಪಕ್ಕದ ಸೀಟಿನವನು ಛಾವಣಿಯಿಂದ ಹಾರಿ ಬೀಳುತ್ತಿದ್ದ. ಮಜಾ ಏನೆಂದರೆ, ಸಿನಿಮಾದ ಕಾರು ಬೆಳ್ಳಿ ಬಣ್ಣದ್ದು, ಕಾರ್ಗಿಯದು ಚಿನ್ನದ ಬಣ್ಣದ್ದು. ಬೆಳ್ಳಿ ಬಣ್ಣ ಹೊಡೆದರೆ ಬಣ್ಣವನ್ನೇ ಹೊಡೆಯದ ಬರೀ ಲೋಹದಂತೆ ಕಾಣುತ್ತದೆ ಎಂಬುದು ಕಂಪನಿಯ ಅಳುಕು. ಇದಕ್ಕೆ ತದ್ವಿರುದ್ಧದ ಪೇಚು 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದ ಡಿಲೋರಿಯನ್‌ನದು. ಉತ್ತರ ಐರ್ಲೆಂಡಿನಲ್ಲಿ ತಯಾರಾದ ಆ ಕಾರಿನ ಮೈ ಸ್ಟೇನ್‌ಲೆಸ್ ಸ್ಟೀಲು. ಅದಕ್ಕೆ ಬಣ್ಣವೇ ಇಲ್ಲ. ಪ್ಲಾಸ್ಟಿಕ್ ಕಿಟ್ಟಿಗೆ ಬಣ್ಣ ಬಳಿದು ‘ಬಣ್ಣ ಬಳಿದಿಲ್ಲ’ ಎಂದು ನೋಡುವವರನ್ನು ನಂಬಿಸಬೇಕು. ಮೊದಲು ಹೊಳಪಿನ ಕಪ್ಪು, ಅದರ ಮೇಲೆ ತೆಳುವಾಗಿ ಲೋಹದ ಬಣ್ಣ, ಆಮೇಲೆ ಒಂದೇ ದಿಕ್ಕಿಗೆ ನಯವಾದ ಉಜ್ಜು. ಇಷ್ಟಾದರೂ ಹತ್ತರಲ್ಲಿ ಎಂಟು ಡಿಲೋರಿಯನ್‌ಗಳು ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೇ ಬಂದು ನಿಲ್ಲುತ್ತವೆ.

ಅಲ್ಲಿ ಗಾಡಿಗಳನ್ನು ಉಳಿಸಿಕೊಂಡಿದ್ದಾರೆ, ಆದ್ದರಿಂದ ಅಳೆಯಬಹುದು. ಆ ಚಿತ್ರದ ಒಂದು ಡಿಲೋರಿಯನ್ ಲಾಸ್ ಏಂಜಲಿಸ್‌ನ ಪೀಟರ್ಸನ್ ಮೋಟಾರು ಸಂಗ್ರಹಾಲಯದಲ್ಲಿದೆ. 1968ರ ‘ಬುಲಿಟ್’ ಚಿತ್ರದ ಮಸ್ಟಾಂಗ್ 2020ರ ಜನವರಿಯಲ್ಲಿ 37.4 ಲಕ್ಷ ಡಾಲರಿಗೆ ಹರಾಜಾಯಿತು. 2012ರ ‘ಸ್ಕೈಫಾಲ್’ನಲ್ಲಂತೂ ಮಾದರಿಯೇ ನಟಿಸಿತು: ಹಳೆಯ ಡಿಬಿ5 ಕಾರನ್ನು ಉಡಾಯಿಸಲು ಮನಸ್ಸು ಬಾರದೆ ಮೂರನೇ ಒಂದರ ಅಳತೆಯ ಮೂರು ಪ್ರತಿಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿ ಆ ದೃಶ್ಯಕ್ಕೆ ಬಳಸಿದರು. ನೆರೆಯ ತೆಲುಗಿನವರು 2024ರ ‘ಕಲ್ಕಿ 2898 ಎಡಿ’ಗಾಗಿ ಮಹೀಂದ್ರ ಕಂಪನಿ ಮತ್ತು ಕೊಯಮತ್ತೂರಿನ ಜಯಂ ಸಂಸ್ಥೆಯಿಂದ ಸುಮಾರು 6 ಟನ್ನಿನ ‘ಬುಜ್ಜಿ’ಯನ್ನು ಕಟ್ಟಿಸಿದರು. ಚಿತ್ರ ತೆರೆಗೆ ಬರುವ ಮೊದಲೇ ಅದನ್ನು ಊರೂರು ಸುತ್ತಿಸಿ ಗಾಡಿಗೂ ಅಭಿಮಾನಿಗಳನ್ನು ಸಂಪಾದಿಸಿದರು.

ನಮ್ಮಲ್ಲಿ ಗಾಡಿ ಇರಲಿಲ್ಲವೇ? 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿದಾಗ ಲಂಡನ್ನಿನ ಬಾಂಡ್ ತೆರೆಗೆ ಬಂದು ಇನ್ನೂ ಆರು ವರ್ಷ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮುಂದೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. 1980ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಿಂಚಿನ ಓಟ’ದ ಕಥೆಯೇ ಕಾರು ಕಳ್ಳರದು, ಅನಂತ್‌ನಾಗ್, ಶಂಕರ್‌ನಾಗ್, ಲೋಕನಾಥ್ ಮೂವರೂ ಅದರಲ್ಲಿದ್ದಾರೆ. ಕಾರಿಲ್ಲದೆ ಆ ಚಿತ್ರಗಳಿಲ್ಲ. ಹಾಗಿದ್ದೂ ಇವುಗಳಲ್ಲಿ ಯಾವುದರ ಕಿಟ್ಟೂ ಅಂಗಡಿಯಲ್ಲಿಲ್ಲ. ಅಂಬಾಸಿಡರ್, ಪದ್ಮಿನಿಗಳ ಎಳೆದು ಬಿಡುವ ಆಟಿಕೆ ಸಿಗುತ್ತದೆ ನಿಜ. ಅದು ಬೀದಿಯ ಗಾಡಿ, ಚಿತ್ರದ ಗಾಡಿಯಲ್ಲ.

ಇವುಗಳಲ್ಲೆಲ್ಲ ಮೊದಲು ಮಾಡಬೇಕಾದ ಗಾಡಿ ಯಾವುದೆಂದು ಕೇಳಿದರೆ ಉತ್ತರ ಕಾರಲ್ಲ, ಮೂರು ಚಕ್ರದ್ದು. 1980ರಲ್ಲಿ ವಿಜಯ್ ನಿರ್ದೇಶನದಲ್ಲಿ ಬಂದ ‘ಆಟೊ ರಾಜ’, ಶಂಕರ್‌ನಾಗ್–ಗಾಯತ್ರಿ ಜೋಡಿ, ರಾಜನ್–ನಾಗೇಂದ್ರ ಸಂಗೀತ. ಶಂಕರ್‌ನಾಗ್ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿದ್ದು 1990ರ ಸೆಪ್ಟೆಂಬರ್ 30ರಂದು. ಇಷ್ಟು ವರ್ಷವಾದರೂ ಬೆಂಗಳೂರಿನ ಆಟೊಗಳ ಬೆನ್ನ ಮೇಲಿಂದ ಅವರ ಮುಖ ಇಳಿದಿಲ್ಲ. ಸಿನಿಮಾ ಬಂದಾಗ ಹುಟ್ಟಿಯೇ ಇರದ ಚಾಲಕರು ಅದನ್ನು ದುಡ್ಡು ಕೊಟ್ಟು ಅಂಟಿಸಿಕೊಳ್ಳುತ್ತಾರೆ. ಒಂದು ಊರಿನ ಸಾರಿಗೆಯನ್ನೇ ತನ್ನ ಹೆಸರಿಗೆ ಬರೆಸಿಕೊಂಡ ಇಂಥ ನಟ ಬೇರೆಲ್ಲಿ ಸಿಕ್ಕಾರು? ಮುಖ ಉಳಿಯಿತು, ಸರಿ. ಗಾಡಿ?

ಮಾಡಲು ಕೂತವನಿಗೆ ಮೊದಲ ಪ್ರಶ್ನೆಯೇ ದೊಡ್ಡದು. ಎಂಜಿನ್ ಮುಂದೋ, ಹಿಂದೋ? ಬಜಾಜ್ ಹಿಂಬದಿ ಎಂಜಿನ್ನಿನ ಆಟೊ ತಂದಿದ್ದು 1977ರಲ್ಲಿ. ಅದಕ್ಕೂ ಮೊದಲಿನ ಗಾಡಿಗಳಲ್ಲಿ ಎಂಜಿನ್ ಚಾಲಕನ ಕಾಲಿನ ಕಡೆ ಇರುತ್ತಿತ್ತು. 1980ರ ಬೆಂಗಳೂರಿನ ರಸ್ತೆಯಲ್ಲಿ ಎರಡೂ ಓಡಾಡುತ್ತಿದ್ದವು. ಎಂಜಿನ್ ಜಾಗ ಬದಲಾದರೆ ಮೂತಿ ಬದಲಾಗುತ್ತದೆ, ಹಿಂಬದಿಯ ತಗಡು ಬದಲಾಗುತ್ತದೆ, ಚಾಲಕ ಕೂರುವ ಭಂಗಿಯೂ ಬದಲಾಗುತ್ತದೆ. ಆದ್ದರಿಂದ ಮಾದರಿಗಾರ ಚಿತ್ರವನ್ನು ಹಾಡಿಗಾಗಿಯೋ ಹೊಡೆದಾಟಕ್ಕಾಗಿಯೋ ನೋಡುವ ಹಾಗಿಲ್ಲ. ಗಾಡಿ ಕಂಡ ಕಡೆಯೆಲ್ಲ ನಿಲ್ಲಿಸಿ, ಒಂದೊಂದು ಕೋನವನ್ನೂ ಕಾಗದಕ್ಕೆ ಇಳಿಸಿಕೊಳ್ಳಬೇಕು. ಎರಡು ದೃಶ್ಯದ ಗಾಡಿ ಒಂದೇ ಹೌದೋ ಅಲ್ಲವೋ ಎಂಬ ಅನುಮಾನವನ್ನೂ ಇಟ್ಟುಕೊಳ್ಳಬೇಕು. ‘ಬ್ಯಾಕ್ ಟು ದಿ ಫ್ಯೂಚರ್’ ಮೊದಲ ಭಾಗಕ್ಕೇ ಮೂರು ಡಿಲೋರಿಯನ್ ಬಳಸಿದ್ದರು. ತೆರೆಯ ಮೇಲಿನ ಒಂದು ಗಾಡಿ ಶೂಟಿಂಗಿನಲ್ಲಿ ಒಂದೇ ಆಗಿರಬೇಕೆಂದಿಲ್ಲ.

ಇನ್ನು ಅಳತೆ. ಬಜಾಜ್ ಆಟೊ ಸುಮಾರು 2.6 ಮೀಟರ್ ಉದ್ದ, 1.3 ಮೀಟರ್ ಅಗಲ, 1.7 ಮೀಟರ್ ಎತ್ತರ. 24ರಿಂದ ಭಾಗಿಸಿದರೆ ಹನ್ನೊಂದು ಸೆಂಟಿಮೀಟರ್ ಉದ್ದ, ಐದೂವರೆಗೆ ತುಸು ಕಡಿಮೆ ಅಗಲ, ಏಳು ಎತ್ತರ. ಚಕ್ರ ಒಂದೂ ಮುಕ್ಕಾಲು ಸೆಂಟಿಮೀಟರ್ ದಾಟುವುದಿಲ್ಲ. ಕೈಯಿಂದ ಮಾಡುವವನಿಗೆ ಆಟೊ ಒಂದು ವರ. ಅಂಬಾಸಿಡರಿನ ಬಾನೆಟ್ ಎಲ್ಲ ದಿಕ್ಕಿಗೂ ಉಬ್ಬಿಕೊಂಡದ್ದು, ಅಚ್ಚಿಲ್ಲದೆ ಆಗದು. ಆಟೊದ ತಗಡು ಬಹುಪಾಲು ಒಂದೇ ದಿಕ್ಕಿಗೆ ಬಾಗಿದ್ದು, ಪೈಪಿಗೆ ಸುತ್ತಿ ಬಗ್ಗಿಸಬಹುದು. ಹಾಗಾಗಿಯೇ ಎಣ್ಣೆ ಡಬ್ಬದ ತಗಡು ನೆನಪಾಗುವುದು. ಆದರೆ ಲೆಕ್ಕ ಹಾಕಿದರೆ ಕಂಟಕ ಕಾಣುತ್ತದೆ. ಡಬ್ಬದ ತಗಡು 0.3 ಮಿಲಿಮೀಟರ್ ಇದ್ದರೂ ಈ ಅಳತೆಯಲ್ಲಿ ಅದು ಏಳು ಮಿಲಿಮೀಟರ್ ದಪ್ಪದ ಕವಚವಾಗುತ್ತದೆ. ಅಂಥ ತಗಡಿನಿಂದ ಆಟೊ ಅಲ್ಲ, ಯುದ್ಧದ ಗಾಡಿ ಕಟ್ಟಬೇಕು. ಎಲ್ಲವನ್ನೂ ತೆಳ್ಳಗೆ ಮಾಡುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಕಣ್ಣಿಗೆ ಬೀಳುವ ಅಂಚುಗಳನ್ನು ಮಾತ್ರ ಒಳಗಡೆಯಿಂದ ಅರ ಹಾಕಿ ಸವೆಸಿದರೆ ಇಡೀ ತಗಡೇ ತೆಳುವೆಂದು ಕಣ್ಣು ನಂಬುತ್ತದೆ.

ರೆಕ್ಸಿನ್ ಟಾಪಿನದು ಇನ್ನೊಂದು ತಮಾಷೆ. ಅಂಗಡಿಯ ನಿಜವಾದ ರೆಕ್ಸಿನ್ ತಂದು ಹೊದಿಸುವುದು ಹೊಸಬರು ಮೊದಲು ಮಾಡುವ ಕೆಲಸ. ಹೊದಿಸಿದ ಮೇಲೆ ಅದು ಆಟೊ ಮೇಲೆ ಹಾಸಿದ ಹಾಸಿಗೆಯಂತೆ ಕಾಣುತ್ತದೆ, ಏಕೆಂದರೆ ಅದರ ದಪ್ಪವೂ ಇಪ್ಪತ್ತನಾಲ್ಕು ಪಟ್ಟು ಹೆಚ್ಚಾಗಿರುತ್ತದೆ. ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿದ ಟಿಶ್ಯೂ ಕಾಗದವನ್ನು ತಂತಿಯ ಕಮಾನುಗಳ ಮೇಲೆ ಎಳೆದು ಒಣಗಲು ಬಿಟ್ಟರೆ, ಕಮಾನು ಇರುವಲ್ಲಿ ಉಬ್ಬಿ ನಡುವೆ ತುಸು ಜೋತು ಬೀಳುತ್ತದೆ. ಮಳೆಗಾಲ ಮುಗಿದ ಮೇಲಿನ ಬೆಂಗಳೂರು ಆಟೊದ ಟಾಪು ಇರುವುದು ಹಾಗೆಯೇ. ಅದಕ್ಕೆ ಹೊಳಪಿಲ್ಲದ ಬಣ್ಣ ಸಾಕು.

ಬಣ್ಣದ ವಿಷಯಕ್ಕೆ ಬಂದರೆ ಹೆಚ್ಚಿನವರು ಆಗ ಆಟೊ ಕಪ್ಪು-ಹಳದಿ, ಈಗ ಹಸಿರು-ಹಳದಿ ಎಂದು ಮುಗಿಸಿಬಿಡುತ್ತಾರೆ. ಯಾವ ಹಳದಿ? ಚಿತ್ರವನ್ನು ನೋಡಿ ಹೇಳಲಾಗದು. ಆ ಕಾಲದ ಬಣ್ಣದ ಪ್ರತಿಗಳಲ್ಲಿ ನೀಲಿ-ಹಸಿರಿನ ಅಂಶ ಬೇಗ ಮಾಸಿ ಇಡೀ ದೃಶ್ಯ ಕೆಂಪಿಗೆ ವಾಲುತ್ತದೆ. ಅಂಥ ಪ್ರತಿಯಿಂದ ಇಳಿಸಿದ ಫೋನಿನ ಪರದೆಯಲ್ಲಿ ಆಟೊ ಮಾವಿನಹಣ್ಣಿನ ಬಣ್ಣಕ್ಕಿರುತ್ತದೆ, ರಸ್ತೆಯ ಮೇಲೆ ಹಾಗಿರಲಿಲ್ಲ. ಹಳೆಯ ಗಾಡಿಯ ಮಡ್‌ಗಾರ್ಡಿನ ಒಳಮೈಯಲ್ಲಿ, ಬಿಸಿಲು ತಾಗದ ಕಡೆ ಉಳಿದ ಬಣ್ಣವೇ ನಂಬಿಕಸ್ಥ. ಆದರೆ ಅಂಥ ಗಾಡಿಯನ್ನು ಎಲ್ಲಿ ಹುಡುಕುವುದು? ಎರಡು ಸ್ಟ್ರೋಕಿನ ಹಳೆಯ ಆಟೊಗಳನ್ನು ಗುಜರಿಗೆ ಹಾಕಲು ಸರ್ಕಾರವೇ ಸಹಾಯಧನ ಕೊಟ್ಟಿತು. ಊರಿನ ಶ್ವಾಸಕೋಶದ ದೃಷ್ಟಿಯಿಂದ ಸರಿಯಾದ ಕೆಲಸ, ತಕರಾರಿಲ್ಲ. ತೂಕಕ್ಕೆ ಹಾಕುವ ಮೊದಲು ಒಂದು ಗಾಡಿಯನ್ನಾದರೂ ತೊಳೆದು ನಿಲ್ಲಿಸಿ ಟೇಪು ಹಿಡಿಯಬಹುದಿತ್ತು ಎಂಬುದಷ್ಟೇ ಮಾತು.

‘ಜೇಡರ ಬಲೆ’ಯಂಥ ಕಪ್ಪು-ಬಿಳುಪು ಚಿತ್ರದ ಕಾರಾದರೆ ಗೋಜಲು ಇನ್ನೂ ಜಾಸ್ತಿ. ತೆರೆಯ ಮೇಲಿನ ಬೂದು ನಿಜದಲ್ಲಿ ತಿಳಿನೀಲಿಯೂ ಆಗಿರಬಹುದು, ತಿಳಿಹಸಿರೂ ಆಗಿರಬಹುದು. ಊಹೆಯ ಬಣ್ಣ ಬಳಿಯುವುದಕ್ಕಿಂತ ಅಂಥ ಮಾದರಿಯನ್ನು ಬೂದಿನ ಛಾಯೆಗಳಲ್ಲೇ ಮುಗಿಸುವುದು ಮೇಲು. ಪ್ರೇಕ್ಷಕ ಕಂಡದ್ದು ಅದನ್ನೇ ತಾನೇ.

ಬಣ್ಣ ಯಾವುದೇ ಇರಲಿ, ಹೊಡೆಯುವ ಕ್ರಮ ಒಂದೇ. ಸೋಪುನೀರಿನಲ್ಲಿ ತೊಳೆದು ಕೈಜಿಡ್ಡು ತೆಗೆಯಬೇಕು, ವಾಟರ್ ಪೇಪರಿನಲ್ಲಿ ಉಜ್ಜಬೇಕು, ಬೂದು ಪ್ರೈಮರ್ ಹೊಡೆದು ಗೀರುಗಳನ್ನು ಹುಡುಕಬೇಕು, ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಬಣ್ಣವನ್ನು ಒಂದೇ ಸಲ ದಪ್ಪಗೆ ಹೊಡೆದರೆ ಬಾಗಿಲ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಹತ್ತನೇ ಒಂದು ಮಿಲಿಮೀಟರ್ ಪದರವೂ ಇಲ್ಲಿ ಎರಡೂವರೆ ಮಿಲಿಮೀಟರಿಗೆ ಸಮ. ಜೆಸಿ ರಸ್ತೆಯ ಡುಕೊವನ್ನು ತಗಡಿಗೆ ಧೈರ್ಯವಾಗಿ ಬಳಸಬಹುದು. ಪ್ಲಾಸ್ಟಿಕ್ ಹಾಳೆಗೆ ನೇರವಾಗಿ ಬಳಸಿದರೆ ಥಿನ್ನರ್ ಅದನ್ನು ಕರಗಿಸಿ ಸುಕ್ಕಾಗಿಸುತ್ತದೆ. ಜುಲೈ ತಿಂಗಳ ತೇವದಲ್ಲಿ ಲ್ಯಾಕರ್ ಹೊಡೆದರೆ ಹೊಳಪಿನ ಮೇಲೆ ಬಿಳಿ ಮಂಜು ಕೂರುತ್ತದೆ. ತರಗುಪೇಟೆಯಲ್ಲಿ ಇದಕ್ಕೆಲ್ಲ ಇರುವ ಸಮಯ ಭಾನುವಾರ ಮಧ್ಯಾಹ್ನ. ಅಂಗಡಿಗಳ ಷಟರ್ ಇಳಿದಿರುತ್ತದೆ, ಲಾರಿಗಳಿರುವುದಿಲ್ಲ, ಧೂಳು ನೆಲದ ಮೇಲಿರುತ್ತದೆ.

ಕೊನೆಗೆ ಉಳಿಯುವುದು ಸಣ್ಣ ಸಾಮಾನು, ತಪ್ಪು ಹೆಚ್ಚಾಗುವುದು ಅಲ್ಲೇ. ಬಾವುಟದ ಹಿಡಿಯನ್ನು ಕೆಳಗೆ ತಿರುಗಿಸಿ ಶುರು ಮಾಡುವ ಹಳೆಯ ಮೀಟರ್ ಗಾಡಿಯ ಎಡಗಡೆ ಹೊರಗಿರಬೇಕು. ನಂಬರ್ ಪ್ಲೇಟಿನ ಮೇಲೆ ‘ಕೆಎ’ ಬರೆದರೆ ಗಾಡಿಯ ಮೇಲೆ ಪಟ್ಟ ಶ್ರಮವೆಲ್ಲ ನೀರುಪಾಲು, ‘ಕೆಎ’ ಬಂದದ್ದೇ 1989ರಲ್ಲಿ. ಹಿಂಬದಿಯಲ್ಲಿ ಶಂಕರ್‌ನಾಗ್ ಚಿತ್ರ ಅಂಟಿಸುವ ಆಸೆಯನ್ನೂ ಬಿಡಬೇಕು. ಆ ಚಿತ್ರದ ಕಾಲದಲ್ಲಿ ಅವರು ಗಾಡಿಯ ಒಳಗಿದ್ದರು, ಬೆನ್ನ ಮೇಲೆ ಇನ್ನೂ ಬಂದಿರಲಿಲ್ಲ.

ಹಾಗೆ ನೋಡಿದರೆ ಬೆಂಗಳೂರು ಅಳತೆಯ ಕಲೆಗೆ ಹೊಸದೇನಲ್ಲ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಲವತ್ತು ಐವತ್ತು ಅಡಿಯ ಕಟೌಟ್ ಏಳುತ್ತಿದ್ದ ಕಾಲದಲ್ಲಿ ಕಲಾವಿದರು ಸಣ್ಣ ಫೋಟೊ ಮೇಲೆ ಚೌಕ ಎಳೆದು, ಒಂದೊಂದು ಚೌಕವನ್ನೂ ಹಲಗೆಯ ಮೇಲೆ ಹಿಗ್ಗಿಸಿ ನಾಯಕನ ಮೂಗು ಎಲ್ಲಿ ಬರಬೇಕೋ ಅಲ್ಲೇ ಬರುವಂತೆ ಬರೆಯುತ್ತಿದ್ದರು. ಅದೇ ಚೌಕವನ್ನು ಉಲ್ಟಾ ನಡೆಸಿದರೆ ಮಾದರಿಯ ನಕ್ಷೆ ಸಿಗುತ್ತದೆ. ನಾಯಕನನ್ನು ಹಿಗ್ಗಿಸಲು ಇದ್ದ ಉತ್ಸಾಹ ಗಾಡಿಯನ್ನು ಕುಗ್ಗಿಸಲು ಇರಲಿಲ್ಲ, ಅಷ್ಟೆ. ಬಸವನಗುಡಿ, ಚಾಮರಾಜಪೇಟೆಯ ಮನೆಗಳ ದಸರಾ ಗೊಂಬೆಯ ಪಕ್ಕದ ‘ಪಾರ್ಕಿ’ನಲ್ಲಿ ಲಾರಿಗಿಂತ ಎತ್ತರದ ಮದುಮಗಳು ನಿಂತಿರುವುದನ್ನು ಕಂಡವರು ಅಳತೆ ನಮ್ಮ ಜಾಯಮಾನವಲ್ಲ ಎನ್ನಬಹುದು. ಅಲ್ಲಿ ಅದು ಚೆಂದವೇ. ಆದರೆ ಸಾಕ್ಷ್ಯ ಬೇಕಾದಲ್ಲಿ ಆ ಸಲುಗೆ ನಡೆಯುವುದಿಲ್ಲ.

ಈ ವಾದಕ್ಕೆ ಎದುರಾಗುವ ಆಕ್ಷೇಪ ಗಟ್ಟಿಯಾದದ್ದು: ಚಿತ್ರಗಳೇ ಉಳಿಯದ ಕಡೆ ಆಟೊ ಯಾವ ಲೆಕ್ಕ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡದ್ದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ, ತರಗುಪೇಟೆಯಿಂದ ಕಾಲ್ನಡಿಗೆಯ ದೂರ. ಅದರ ಒಂದು ಪ್ರತಿಯೂ ಇಂದು ಇಲ್ಲ. ಆದರೆ ಈ ಆಕ್ಷೇಪ ತನ್ನ ಕಾಲಿಗೇ ಕೊಡಲಿ ಹಾಕಿಕೊಳ್ಳುತ್ತದೆ. ರೀಲು ಉಳಿಸುವುದಕ್ಕೆ ತಂಪು ಕೋಣೆ ಬೇಕು, ರಸಾಯನ ಗೊತ್ತಿರುವವರು ಬೇಕು, ಕೋಟಿಗಟ್ಟಲೆ ಹಣ ಬೇಕು. ಗಾಡಿಯ ಅಳತೆ ಬರೆದಿಡಲು ಟೇಪು, ಕ್ಯಾಮೆರಾ, ಅರ್ಧ ದಿನ ಸಾಕು. ದುಬಾರಿ ಕೆಲಸ ಆಗಲಿಲ್ಲವೆಂದು ಅಗ್ಗದ್ದನ್ನೂ ಬಿಡುವುದು ಯಾವ ವ್ಯಾಪಾರ?

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಶಂಕರ್‌ನಾಗ್ ಅವರದೇ ಉದಾಹರಣೆಯಿದೆ. ಅವರ ಟಿವಿ ಧಾರಾವಾಹಿ ‘ಮಾಲ್ಗುಡಿ ಡೇಸ್’ ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ಮಾಡಿತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರನ್ನೇ ಆ ಕೆಲಸಕ್ಕೂ ಕರೆತಂದರು. ಸೆಟ್ ಕಟ್ಟಿದ ಕೈಗೆ ನೆನಪಿದ್ದ ಅಳತೆ ಮೂರು ದಶಕದ ನಂತರ ಉಪಯೋಗಕ್ಕೆ ಬಂತು. ಆ ಪೀಳಿಗೆಯ ಕಲಾ ನಿರ್ದೇಶಕರು, ಪ್ರೊಡಕ್ಷನ್ ಮ್ಯಾನೇಜರುಗಳು, ಗಾಡಿ ಬಾಡಿಗೆಗೆ ಕೊಟ್ಟವರು ಇನ್ನೂ ಮಾತಿಗೆ ಸಿಗುವಾಗಲೇ ಕೇಳಿ ಬರೆದುಕೊಳ್ಳಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಮಾಡಬೇಕಾದ ಕೆಲಸವಿದು.

ಹವ್ಯಾಸಿಯ ಜೇಬಿನ ಮಾತನ್ನೂ ಆಡಬೇಕು. ಸುಂಕದ ಪಟ್ಟಿಯಲ್ಲಿ ಆಟಿಕೆ, ಗೊಂಬೆ, ಅಳತೆಯ ಮಾದರಿ ಎಲ್ಲವೂ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. 2020ರಲ್ಲಿ ಆಟಿಕೆಯ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಅಗ್ಗದ ಪ್ಲಾಸ್ಟಿಕ್ ಆಟಿಕೆ ತಡೆಯಲು ಹಾಕಿದ ಬೇಲಿಗೆ ಜಪಾನಿನ ಡಿಲೋರಿಯನ್ ಕಿಟ್ಟೂ ಸಿಕ್ಕಿಕೊಂಡಿತು. ಒಂದು ಕಡೆಯಿಂದ ಇದು ಬೇಜಾರು. ಇನ್ನೊಂದು ಕಡೆಯಿಂದ ನೋಡಿದರೆ, ಬೇಲಿಯ ಒಳಗೆ ಬೆಳೆ ತೆಗೆಯುವವರು ಯಾರು ಎಂದು ಕೇಳಬೇಕಾಗುತ್ತದೆ. ಚಕ್ರ, ಹೆಡ್‌ಲೈಟಿನ ಬಟ್ಟಲಿನಂಥ ದುಂಡನೆಯ ಭಾಗಗಳನ್ನು ಆಲೆಮರದಲ್ಲಿ ತಿರುಗಿಸಿ ಅರಗಿನ ಬಣ್ಣ ಹಾಕುವವರು ಚನ್ನಪಟ್ಟಣದಲ್ಲಿದ್ದಾರೆ. ತಗಡು ಬಗ್ಗಿಸುವವರು ಕಲಾಸಿಪಾಳ್ಯದಲ್ಲಿದ್ದಾರೆ. ಕೊಳ್ಳುವವರು? ಬೆಂಗಳೂರಿನ ಪ್ರತಿ ಆಟೊ ನಿಲ್ದಾಣದಲ್ಲೂ ಇದ್ದಾರೆ. ಕನ್ನಡ ರಾಜ್ಯೋತ್ಸವದ ದಿನ ಗಾಡಿ ತೊಳೆದು ಹೂ ಮುಡಿಸಿ ನಿಲ್ಲಿಸುವವರು ಡ್ಯಾಷ್‌ಬೋರ್ಡಿನ ಮೇಲೆ ಇಡಲು ಹನ್ನೊಂದು ಸೆಂಟಿಮೀಟರಿನ ‘ಆಟೊ ರಾಜ’ ಬೇಡವೆನ್ನುತ್ತಾರೆಯೇ?

ಹಳೆಯದಕ್ಕೆ ಆದದ್ದು ಆಯಿತು ಎಂದುಕೊಂಡರೂ ಇವತ್ತು ಚಿತ್ರೀಕರಣದಲ್ಲಿರುವ ಗಾಡಿಗಳ ಪಾಡು ಬದಲಾಗಿಲ್ಲ. ಶೂಟಿಂಗ್ ಮುಗಿದ ಸಂಜೆಯೇ ಗಾಡಿ ಬಾಡಿಗೆಗೆ ಕೊಟ್ಟವನಿಗೆ ವಾಪಸ್ಸು, ಇಲ್ಲವೇ ಗುಜರಿಗೆ. ನಿರ್ಮಾಪಕರು ಅದಕ್ಕೆ ಮುಂಚೆ ನಾಲ್ಕು ಬದಿಯಿಂದ ಮತ್ತು ಮೇಲಿನಿಂದ ಫೋಟೊ ತೆಗೆಸಲಿ, ಪಕ್ಕದಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಲಿ, ಬಣ್ಣದ ಡಬ್ಬಿಯ ಮೇಲಿನ ಕೋಡ್ ನಂಬರ್ ಬರೆಸಿಕೊಳ್ಳಲಿ. ಚಿತ್ರಕ್ಕೆ ಸಬ್ಸಿಡಿ ಕೇಳಿ ಸರ್ಕಾರಕ್ಕೆ ಕೊಡುವ ಕಾಗದಪತ್ರಗಳ ಕಟ್ಟಿಗೆ ಈ ಒಂದು ಹಾಳೆಯನ್ನೂ ಸೇರಿಸಿ ಎಂದು ಕೇಳುವ ಅಧಿಕಾರ ಸರ್ಕಾರಕ್ಕಿದೆ.